ಸೇತುವೆಯಾಚೆಯ ನಂಬರು

ಜೂನ್ 3, ಸೋಮವಾರ

ಇವತ್ತಿನಿಂದ ಊರಿನ ಪ್ರತಿಯೊಂದು ಫೋನ್ ನಂಬರಿನ ಮುಂದೆಯೂ ಒಂದು ‘ಎರಡು’ ಬಂದು ಕೂತಿದೆ. ಆರಂಕಿ ಇದ್ದದ್ದು ಏಳಂಕಿಯಾಯಿತು. ಅಷ್ಟೇ ಆಗಿದ್ದರೆ ಹೇಗೋ ಸುಧಾರಿಸಬಹುದಿತ್ತು. ನದಿಯಾಚೆಯ ಬಡಾವಣೆಗಳಿಗೆ ಬೇರೆಯದೇ ಕೋಡ್ ಕೊಟ್ಟಿದ್ದಾರೆ. ನಿನ್ನೆಯವರೆಗೆ ಸೇತುವೆಯ ಆಚೆಗೆ ಫೋನ್ ಮಾಡುವುದೆಂದರೆ ಪಕ್ಕದ ಬೀದಿಗೆ ಮಾಡಿದ ಹಾಗಿತ್ತು. ಇನ್ನು ಮೇಲೆ ಮೊದಲು ಸೊನ್ನೆ, ಆಮೇಲೆ ಕೋಡ್, ಆಮೇಲೆ ಆ ಎರಡು, ಕೊನೆಗೆ ಹಳೆಯ ನಂಬರು.

ಟೆಲಿಫೋನ್ ಕಚೇರಿಯ ವಿಚಾರಣೆ ವಿಭಾಗದಲ್ಲಿ ಕೂರುವ ನಮಗೆ ಇವತ್ತು ಕಿವಿ ತೂತಾಗುವುದೊಂದು ಬಾಕಿ. ಒಬ್ಬ ಹಿರಿಯರು ಕೇಳಿದರು: “ನನ್ನನ್ನ ಒಂದು ಮಾತು ಕೇಳದೆ ನನ್ನ ನಂಬರಿಗೆ ಎರಡು ಸೇರಿಸೋಕೆ ನೀವ್ಯಾರಮ್ಮ?”

“ನಿಮಗೊಬ್ಬರಿಗೇ ಅಲ್ಲ ಸಾರ್, ಎಲ್ಲರಿಗೂ ಸೇರಿಸಿದ್ದಾರೆ.”

“ಎಲ್ಲರ ಸುದ್ದಿ ನನಗ್ಯಾಕೆ? ನನ್ನದನ್ನ ತೆಗೀರಿ.”

ದಿನಾ ಕೇಳುವ ದನಿ. ಯಾವ ಬೀದಿಯ ಔಷಧಿ ಅಂಗಡಿಯವರೆಂದು ‘ಹಲೋ’ದಲ್ಲೇ ಹೇಳಬಲ್ಲೆ. ಈ ಕುರ್ಚಿಯಲ್ಲಿ ಕೂತು ತಲೆ ನರೆಯಿತು, ಒಂದು ಸಲ ಕೇಳಿದ ದನಿ ನನಗೆ ಮರೆಯುವುದಿಲ್ಲ. ಪಕ್ಕದ ಕುರ್ಚಿಯವಳಿಗೆ ನಾವಿಟ್ಟ ಹೆಸರು ಮಿಠಾಯಿ. ಫೋನಿನಲ್ಲಿ ಅವಳ ಮಾತಿನಿಂದ ಜೇನು ತೊಟ್ಟಿಕ್ಕುತ್ತದೆ. ಗುಂಡಿ ಒತ್ತಿ ತನ್ನ ದನಿ ಆ ಕಡೆ ಹೋಗದ ಹಾಗೆ ಮಾಡಿಕೊಂಡ ತಕ್ಷಣ ಅವಳು ಬೈಯುವುದನ್ನು ಮಾತ್ರ ಕೇಳಬಾರದು. ಇವತ್ತು ಆ ಗುಂಡಿಗೆ ಪುರುಸೊತ್ತೇ ಇರಲಿಲ್ಲ.

ಗುಂಡ ಇರುವುದು ನದಿಯಾಚೆ. ಹಾಗಾದರೆ ನನ್ನ ಮಗನೂ ಇವತ್ತಿನಿಂದ ಬೇರೆ ಊರಿನವನಾದ.

ಜೂನ್ 9, ಭಾನುವಾರ

ಫೋನ್ ಬರಲಿಲ್ಲ.

ಅವನ ಅಪ್ಪನೂ ನಾನೂ ಬೇರೆಯಾದಾಗ ಗುಂಡನಿಗೆ ಏಳು ವರ್ಷ. ನನಗೆ ರಾತ್ರಿ ಪಾಳಿ, ಒಂದೇ ಕೋಣೆಯ ಮನೆ. ಅವನ ಅಪ್ಪನ ಮನೆಯಲ್ಲಿ ಅಜ್ಜಿ ಇದ್ದರು. ಮಗು ಅಲ್ಲೇ ಇರಲಿ ಎಂದು ತೀರ್ಮಾನವಾಯಿತು, ನಾನೂ ಒಪ್ಪಿದೆ. ಭಾನುವಾರ ತಿಂಡಿ ಆದಮೇಲೆ ಅವನು ನನಗೆ ಫೋನ್ ಮಾಡಬೇಕು, ತಿಂಗಳಿಗೊಮ್ಮೆ ಬಂದು ಇರಬೇಕು ಎಂದು ಮಾತಾಗಿತ್ತು. ಬಂದು ಇರುವುದು ಹೈಸ್ಕೂಲು ಸೇರಿದಮೇಲೆ ಕಡಿಮೆಯಾಯಿತು, ಕಳೆದ ವರ್ಷ ಪರೀಕ್ಷೆಯ ನೆಪದಲ್ಲಿ ನಿಂತೇ ಹೋಯಿತು. ಫೋನ್ ಮಾತ್ರ ತಪ್ಪಿಸಿದವನಲ್ಲ.

ರಜೆಗೆ ಅಪ್ಪನ ಕಡೆಯವರ ಜೊತೆ ಪ್ರವಾಸ ಹೋಗುವ ಮುಂಚೆ ಮಾತಾಡಿದ್ದ. ಗಂಟಲು ಸರಿಯಿಲ್ಲ ಎಂದು ಬರೀ ‘ಹೂಂ’, ‘ಊಹೂಂ’. ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸು ಎಂದಿದ್ದೆ. ಹೊಸ ನಂಬರನ್ನು ಎರಡೆರಡು ಸಲ ಹೇಳಿದ್ದೆ. “ಗೊತ್ತಾಯ್ತು ಅಮ್ಮ” ಎಂದಿದ್ದ. ಮರೆತಿರಬೇಕು. ಹಳೆಯದನ್ನೇ ಒತ್ತಿ ಒತ್ತಿ ಬೇಸತ್ತಿರಬೇಕು.

ಬಂದದ್ದೆಲ್ಲ ತಪ್ಪು ಕರೆಗಳು. ಇಡೀ ಊರು ತಪ್ಪು ನಂಬರು ಒತ್ತುತ್ತಿದೆ. ಮೊದಲನೆಯದು ಅಡುಗೆ ಅನಿಲ ಯಾವಾಗ ಬರುತ್ತದೆ ಎಂದು. ಎರಡನೆಯವಳು ನನ್ನನ್ನು ಅತ್ತೆ ಎಂದುಕೊಂಡು ಗಂಡನ ಮೇಲೆ ದೂರು ಹೇಳಲು ಶುರುಮಾಡಿದಳು, ನಿಲ್ಲಿಸುವಷ್ಟರಲ್ಲಿ ಅರ್ಧ ಸಂಸಾರ ತಿಳಿದುಹೋಯಿತು. ಮೂರನೆಯವನು ಯಾರೋ ಗಂಡಸು, ದಪ್ಪ ದನಿ. ‘ಹಲೋ’ ಎಂದ, ಸ್ವಲ್ಪ ಹೊತ್ತು ಬಿಟ್ಟು ‘ನಾನು’ ಎಂದ. ನಾನು ಎಂದರೆ ಯಾರಪ್ಪ? ಗುಂಡ ಮಾಡುವ ಹೊತ್ತಿಗೆ ಸರಿಯಾಗಿ ಲೈನು ಹಿಡಿದುಕೊಂಡಿದ್ದಾನಲ್ಲ ಎಂದು ಸಿಟ್ಟು ಬಂತು. “ತಪ್ಪು ನಂಬರು, ಸರಿಯಾಗಿ ನೋಡಿಕೊಂಡು ಮಾಡಿ” ಎಂದು ಇಟ್ಟೆ.

ಆಮೇಲೆ ಲೈನು ಖಾಲಿಯೇ ಇತ್ತು, ಮಧ್ಯಾಹ್ನದವರೆಗೂ.

ಜೂನ್ 11, ಮಂಗಳವಾರ

“ನೀನೇ ಮಾಡು, ಅದಕ್ಕೇನು?” ಎಂದಳು ಮಿಠಾಯಿ. ಅದಕ್ಕೇನು ಎಂದು ಅವಳಿಗೆ ಗೊತ್ತಿಲ್ಲದ್ದಲ್ಲ. ಅಜ್ಜಿ ಹೋದಮೇಲೆ ಅಲ್ಲಿ ಫೋನ್ ಎತ್ತುವುದು ಆ ಮನೆಯಾಕೆ, ಗುಂಡನ ಅಪ್ಪ ಆಮೇಲೆ ಮದುವೆಯಾದಾಕೆ. ಆಕೆಯ ಹತ್ತಿರ ನನ್ನ ಮಗನನ್ನು ಕೊಡಿ ಎಂದು ಕೇಳಬೇಕು. ಇಷ್ಟು ವರ್ಷ ಕೇಳದೆ ದಾಟಿಸಿದ್ದೇನೆ.

ಜೂನ್ 16, ಭಾನುವಾರ

ಇವತ್ತೂ ಇಲ್ಲ.

ಜೂನ್ 23, ಭಾನುವಾರ

ಮಾಡಿಬಿಟ್ಟೆ.

ಮೊದಲ ಸಲ ಕೋಡ್ ಒತ್ತುವುದನ್ನೇ ಮರೆತೆ. ವಾರವಿಡೀ ಊರಿಗೆಲ್ಲ ಪಾಠ ಹೇಳುವವಳು! “ನೀವು ಕರೆ ಮಾಡಿದ ಸಂಖ್ಯೆ ಬದಲಾಗಿದೆ” ಎಂದು ಧ್ವನಿಮುದ್ರಿಕೆಯ ಹೆಂಗಸು ನನಗೇ ಬುದ್ಧಿ ಹೇಳಿದಳು. ಎರಡನೆಯ ಸಲ ಸರಿಯಾಗಿ ಒತ್ತಿದೆ. ಅಷ್ಟು ಉದ್ದದ ನಂಬರು ಒತ್ತಿ ಮುಗಿಸುವುದರೊಳಗೆ ಇಟ್ಟುಬಿಡೋಣ ಎಂದು ಎಷ್ಟು ಸಲ ಅನ್ನಿಸಿತೋ.

ಆ ಮನೆಯಾಕೆಯೇ ಎತ್ತಿದ್ದು.

“ನಾನು ಗುಂಡನ ಅಮ್ಮ.”

“ಗೊತ್ತಾಯ್ತು. ಹೇಳಿ.”

“ಅವನಿಗೆ ಹುಷಾರಿದೆಯಾ?”

“ಇದ್ದಾನೆ. ಚೆನ್ನಾಗಿದ್ದಾನೆ.”

“ಸ್ವಲ್ಪ ಕೊಡ್ತೀರಾ?”

ಆಕೆ ರಿಸೀವರಿಗೆ ಕೈ ಅಡ್ಡ ಇಟ್ಟರು. ನಾನೇನು ಈ ಕೆಲಸಕ್ಕೆ ನಿನ್ನೆ ಸೇರಿದವಳೇ? ಕೈ ಅಡ್ಡ ಇಟ್ಟರೆ ಹೇಗೆ ಕೇಳಿಸುತ್ತದೆ, ಮನೆಯಲ್ಲಿ ಜನ ಇದ್ದಾರೋ ಇಲ್ಲವೋ, ಎಲ್ಲ ತಿಳಿಯುತ್ತದೆ. ಆಚೆ ಒಂದು ಕುರ್ಚಿ ಸರಿಯಿತು. ಒಂದು ಬಾಗಿಲು ಮುಚ್ಚಿತು.

“ಹೊರಗೆ ಹೋಗಿದ್ದಾನೆ” ಎಂದರು. ಸುಳ್ಳು ಹೇಳಿ ಅಭ್ಯಾಸವಿಲ್ಲದವರ ದನಿ.

“ನಂಬರು ಬದಲಾಗಿದೆ, ಬರೆದುಕೊಳ್ಳಿ, ಅವನಿಗೆ ಕೊಡಿ” ಎಂದೆ. ಬರೆದುಕೊಳ್ಳುವ ಸದ್ದಿಲ್ಲ. ಕೊನೆಗೆ, “ಅವನ ಹತ್ತಿರ ಇದೆ” ಎಂದರು. ಇಬ್ಬರಿಗೂ ಇಡಲು ತಿಳಿಯಲಿಲ್ಲ. ನಾನೇ ಮೊದಲು ಇಟ್ಟೆ.

ನಂಬರು ಅವನ ಹತ್ತಿರ ಇದೆ. ಹಾಗಾದರೆ ಇದು ನಂಬರಿನ ಕತೆಯಲ್ಲ.

ಅವನು ಬಂದಾಗ ಹೊದೆಯುತ್ತಿದ್ದ ಹೊದಿಕೆಯನ್ನು ಮಡಿಸಿ ಮೇಲಿಡೋಣ ಎಂದು ತೆಗೆದೆ. ಮಡಿಸಿದೆ. ಮತ್ತೆ ಅಲ್ಲೇ ಇಟ್ಟೆ.

ಜೂನ್ 26, ಬುಧವಾರ

ಮಧ್ಯಾಹ್ನದ ಪಾಳಿ. ಗಲಾಟೆ ಕಡಿಮೆಯಾಗಿದೆ, ಜನ ಕಲಿತುಕೊಳ್ಳುತ್ತಿದ್ದಾರೆ. ಕರೆ ಬಂತು. ನನ್ನ ಬಾಯಿ ತಾನಾಗಿ ಹೇಳಿತು: “ವಿಚಾರಣೆ, ಯಾವ ನಂಬರು ಬೇಕು?”

“ನನಗೆ ನಂಬರು ಬೇಡ. ನಿಮ್ಮ ಹತ್ತಿರ ಮಾತಾಡಬೇಕಿತ್ತು.”

ಆಕೆ. ಮನೆಯಿಂದಲ್ಲ, ರಸ್ತೆಯ ಬೂತಿನಿಂದ. ಹಿಂದೆ ಬಸ್ಸುಗಳ ಸದ್ದು.

“ಇಲ್ಲಿಗೆ ಮಾಡಿದರೆ ನೀವೇ ಸಿಗ್ತೀರೋ ಬೇರೆಯವರೋ ಗೊತ್ತಿರಲಿಲ್ಲ. ಎರಡು ಸಲ ಬೇರೆಯವರು ಎತ್ತಿದರು. ಏನೇನೋ ನಂಬರು ಕೇಳಿ ಇಟ್ಟುಬಿಟ್ಟೆ. ಮನೆಯಲ್ಲಿ ಅವನ ಎದುರಿಗೆ ಮಾತಾಡೋಕೆ ಆಗಲ್ಲ.”

“ಏನಾಯ್ತು?”

“ಪ್ರವಾಸದಿಂದ ಬಂದಮೇಲೆ ಒಂದು ಭಾನುವಾರ ಅವನು ನಿಮಗೆ ಮಾಡಿದ. ನಾನು ಅಲ್ಲೇ ಇದ್ದೆ. ತುಂಬಾ ಹೊತ್ತು ಅದೇನು ಹೇಳಬೇಕು ಅಂತ ತನ್ನೊಳಗೇ ಹೇಳಿಕೊಳ್ತಿದ್ದ. ಏನೋ ದೊಡ್ಡ ಸುದ್ದಿ ಇತ್ತು. ಆಮೇಲೆ ನೋಡಿದರೆ ಎರಡು ಮಾತಾಡಿ ಇಟ್ಟ. ಏನೋ, ಇಷ್ಟು ಬೇಗ ಆಯ್ತಾ ಅಂದೆ. ‘ಅಮ್ಮ ತಪ್ಪು ನಂಬರು ಅಂದ್ರು’ ಅಂದ. ಸ್ನಾನದ ಮನೆಗೆ ಹೋದವನು ಬರಲೇ ಇಲ್ಲ.”

ನಾನು ಮುಂದಿದ್ದ ನಂಬರಿನ ಪುಸ್ತಕ ಮುಚ್ಚಿದೆ.

“ಅವನ ದನಿ ಒಡೆದಿದೆ” ಎಂದರು ಆಕೆ. “ರಜೆಯಲ್ಲೇ ಪೂರ್ತಿ ಬದಲಾಯ್ತು. ನಮ್ಮ ಮನೆಯಲ್ಲೇ ಒಂದೊಂದು ಸಲ ಯಾರೋ ಬಂದರು ಅಂತ ಬೆಚ್ಚಿಬೀಳ್ತೀನಿ. ನಿಮಗೆ ಹೇಗೆ ಗೊತ್ತಾಗಬೇಕು? ಹಾಗಂತ ನಾನು ಅವನಿಗೆ ಹೇಳಿದೆ. ‘ಅಮ್ಮನಿಗೆ ಊರಿನವರ ದನಿಯೆಲ್ಲ ಗೊತ್ತಾಗುತ್ತೆ’ ಅಂದ. ನನ್ನ ಮಾತು ಕೇಳಲ್ಲ. ನೀವು ಒಂದು ಸಲ ಬನ್ನಿ.”

“ನಿಮ್ಮ ಮನೆಗೆ?”

“ಮತ್ತೆಲ್ಲಿಗೆ? ಭಾನುವಾರ ಇವರು ಅಂಗಡಿಯಲ್ಲಿರ್ತಾರೆ.”

ಮೇಲ್ವಿಚಾರಕರು ಗಡಿಯಾರ ನೋಡುತ್ತ ನನ್ನ ಬೆನ್ನ ಹಿಂದೆ ಬಂದು ನಿಂತರು. ನಾನು ಕೆಲಸದ ದನಿಯಲ್ಲಿ, “ಆಗಲಿ, ಭಾನುವಾರ. ಬೇರೆ ಯಾವುದಾದರೂ ನಂಬರು ಬೇಕಿತ್ತಾ?” ಎಂದೆ. ಆಕೆಗೆ ನಗು ಬಂದಂತೆ ಕೇಳಿಸಿತು. “ಬೇಡಮ್ಮ” ಎಂದು ಇಟ್ಟರು.

ಮಿಠಾಯಿ ನನ್ನ ಮುಖ ನೋಡಿ, ತನಗೆ ಬರುತ್ತಿದ್ದ ಕರೆಯನ್ನು ಹಾಗೇ ಬಿಟ್ಟು ಲೋಟ ನೀರು ತಂದುಕೊಟ್ಟಳು.

ಜೂನ್ 27, ಗುರುವಾರ

ದಪ್ಪ ದನಿ. ‘ನಾನು’ ಎಂದ. ನಾನು ಎಂದರೆ ಯಾರಪ್ಪ ಎಂದುಕೊಂಡೆ.

ಜೂನ್ 30, ಭಾನುವಾರ

ಸೇತುವೆಯನ್ನು ನಡೆದೇ ದಾಟಿದೆ. ಬಸ್ಸಿನಲ್ಲಿ ಹೋದರೆ ಬೇಗ ತಲುಪಿಬಿಡುತ್ತೇನೆ ಎಂದು ಭಯವಾಯಿತು.

ಬಾಗಿಲು ತೆರೆದವನು ಗುಂಡನೇ. ತಲೆ ಎತ್ತಿ ನೋಡಬೇಕಾಯಿತು. ಹುಟ್ಟಿದಾಗ ಉಂಡೆಯ ಹಾಗಿದ್ದನೆಂದು ಇಟ್ಟ ಹೆಸರು. ಈಗ ಬಟ್ಟೆ ಒಣಗಿಸುವ ಗಳುವಿನ ಹಾಗಿದ್ದಾನೆ. ಮೇಲ್ದುಟಿಯ ಮೇಲೆ ಪೆನ್ಸಿಲಿನಿಂದ ಗೀರಿ ಅಳಿಸಿದಂತೆ ಮೀಸೆ.

“ಬಾ ಅಮ್ಮ” ಎಂದ.

ಆ ದನಿಯಲ್ಲಿ ನಮ್ಮಪ್ಪ ಇದ್ದರು. ಹೋಗಿ ಎಷ್ಟೋ ಕಾಲವಾದ ನನ್ನ ಅಪ್ಪ, ಹೊಸ್ತಿಲಲ್ಲಿ ನಿಂತು ಬಾ ಎಂದ ಹಾಗೆ.

ಬೇರೆಯಾದಮೇಲೆ ಆ ಮನೆಯ ಒಳಗೆ ಹೋದದ್ದು ಇದೇ ಮೊದಲು. ಆಕೆ, ಗುಂಡನ ಚಿಕ್ಕಮ್ಮ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು, “ಕೂತ್ಕೊಳ್ಳಿ” ಎಂದರು, ಒಗೆಯುವ ಬಟ್ಟೆ ಇದೆ ಎಂದು ಹಿಂದಿನ ಬಾಗಿಲಿನಿಂದ ಹೋದರು. ಬಟ್ಟೆಯೆಲ್ಲ ಆಗಲೇ ಒಗೆದು ಹರವಿದ್ದು ಕಿಟಕಿಯಿಂದ ಕಾಣುತ್ತಿತ್ತು. ಗುಂಡ ಚಹಾ ಮಾಡಿ ತಂದ. ಸಕ್ಕರೆ ಡಬ್ಬಿ ಎಲ್ಲಿದೆ, ಯಾವ ಲೋಟ ಒಡೆದಿದೆ ಎಂದು ನೋಡದೆಯೇ ಅವನ ಕೈಗೆ ಗೊತ್ತು. ನನ್ನ ಮನೆಯಲ್ಲಿ ಅವನು ನೀರು ಬೇಕಿದ್ದರೂ ಕೇಳಿ ಕುಡಿಯುತ್ತಾನೆ. ಏನೂ ಆಗದ ಹಾಗೆ ಚಹಾ ಕುಡಿದೆ.

“ನಾನು ಅಂದಾಗ ನಿಂಗೆ ಗೊತ್ತಾಗ್ಲಿಲ್ಲ” ಎಂದ, ನೆಲ ನೋಡುತ್ತ.

“ಇಲ್ಲ ಕಣೋ. ಗೊತ್ತಾಗ್ಲಿಲ್ಲ.”

“ಒಂಚೂರೂ?”

“ಒಂಚೂರೂ ಇಲ್ಲ. ನಾನು ಚಿಕ್ಕ ಹುಡುಗನ ದನಿಗೆ ಕಾಯ್ತಾ ಕೂತಿದ್ದೆ. ಯಾರೋ ದೊಡ್ಡವರು ಮಾಡಿ ಅವನ ಲೈನು ಹಿಡ್ಕೊಂಡಿದ್ದಾರೆ ಅಂತ ಸಿಟ್ಟಿನಿಂದ ಇಟ್ಟೆ.”

ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು. ಲೈನು ಸರಿಯಿರಲಿಲ್ಲ ಎನ್ನಬಹುದಿತ್ತು. ಹೇಳಲಾಗಲಿಲ್ಲ. ಅವನು ತಲೆ ಎತ್ತಿ ನನ್ನನ್ನು ನೋಡಿದ.

“ಮತ್ತೆ ಮಾಡೋಣ ಅಂದ್ಕೊಂಡೆ” ಎಂದ. “ಮತ್ತೆ ನೀನು ತಪ್ಪು ನಂಬರು ಅಂದುಬಿಟ್ರೆ ಅಂತ…”

“ಅವತ್ತು ಏನು ಹೇಳಬೇಕಿತ್ತೋ?”

ಹಡಗು ದುರಸ್ತಿ ಕಲಿಸುವ ಶಾಲೆಯಲ್ಲಿ ಅವನಿಗೆ ಜಾಗ ಸಿಕ್ಕಿದೆ. ಸಮುದ್ರದ ಪಕ್ಕದ ಊರು, ರೈಲಿನಲ್ಲಿ ಎರಡು ದಿನದ ದಾರಿ. ಮೂರು ವರ್ಷ ಅಲ್ಲೇ ಹಾಸ್ಟೆಲಿನಲ್ಲಿರಬೇಕು. ಮುಂದಿನ ತಿಂಗಳೇ ಹೊರಡಬೇಕು. “ಅಪ್ಪಂಗೂ ಹೇಳೋ ಮುಂಚೆ ನಿಂಗೆ ಹೇಳೋಣ ಅಂತಿದ್ದೆ” ಎಂದ.

ಸೇತುವೆಯಾಚೆಗೆ ಕೋಡ್ ಬಂತೆಂದು ನಾನು ಸಂಕಟಪಟ್ಟಿದ್ದೆ. ಎರಡು ದಿನದ ದಾರಿಗೆ ಏನು ಮಾಡಲಿ?

“ಹೋಗ್ಬೇಕು ಅಂತ ಇದೆಯಾ?” ಎಂದೆ.

“ತುಂಬಾ.”

“ಹಾಗಾದ್ರೆ ಅಲ್ಲಿ ಏನೇನು ಕಲಿಸ್ತಾರೆ, ಹೇಳು.”

“ಅದೆಲ್ಲ ನಿಂಗೆ ಅರ್ಥ ಆಗಲ್ಲ ಅಮ್ಮ.”

“ಅರ್ಥ ಆಗದಿದ್ರೂ ಪರವಾಗಿಲ್ಲ. ನೀನು ಮಾತಾಡು. ನಾನು ಕೇಳ್ಕೊಂಡಿರ್ತೀನಿ.”

ಮೊದಲು ತಡೆದು ತಡೆದು ಹೇಳಿದ, ಆಮೇಲೆ ಕಟ್ಟೆ ಒಡೆದ ಹಾಗೆ. ಎಂಜಿನ್ನು, ಪಂಪು, ನೀರಿನಡಿಯ ಬೆಸುಗೆ. ಹಡಗಿನ ಹೊಟ್ಟೆಗೆ ಅಂಟಿದ ಚಿಪ್ಪುಗಳನ್ನು ಕೆರೆದು ತೆಗೆಯದಿದ್ದರೆ ಅದು ನಿಧಾನವಾಗುತ್ತದಂತೆ. ನಾನು ಕಣ್ಣು ಮುಚ್ಚಿ ಕೇಳಿದೆ, ಹೊಸಬರ ದನಿಯನ್ನು ಕೆಲಸದಲ್ಲಿ ಕೇಳುವ ಹಾಗೆ. ‘ಸ’ ಬಂದಲ್ಲಿ ಸ್ವಲ್ಪ ಎಳೆಯುತ್ತಾನೆ. ಮಾತು ಮುಗಿಯುವಾಗ ತಗ್ಗಿಸುತ್ತಾನೆ. ಉತ್ಸಾಹ ಹೆಚ್ಚಾದಾಗ ದನಿ ಒಮ್ಮೆಲೇ ಜಾರಿ ಮೇಲಕ್ಕೆ ಹೋಗುತ್ತದೆ, ಅದನ್ನು ಮುಚ್ಚಲು ಕೆಮ್ಮುತ್ತಾನೆ. ಆ ಜಾರಿದ ಜಾಗದಲ್ಲಿ ನನ್ನ ಹಳೆಯ ಗುಂಡ ಒಂದು ಸಲ ಇಣುಕಿ ಹೋಗುತ್ತಿದ್ದ.

“ನಿದ್ದೆ ಬಂತಾ?” ಎಂದ.

“ಇಲ್ಲ. ಆಮೇಲೆ?”

ಹೊರಡುವಾಗ ಗುಂಡನ ಚಿಕ್ಕಮ್ಮ ಬೀದಿಯ ಕೊನೆಯವರೆಗೂ ಬಂದರು. “ನಿಮಗೆ ಮೊದಲೇ ಹೇಳಬೇಕಿತ್ತು” ಎಂದರು. “ಸುಳ್ಳು ಹೇಳೋಕೆ ನಿಮಗೆ ಬರಲ್ಲ” ಎಂದೆ. ಇಬ್ಬರೂ ನಕ್ಕೆವು. ನಗಬೇಕೆಂದು ನಕ್ಕದ್ದಲ್ಲ.

ಜುಲೈ 14, ಭಾನುವಾರ

ನಿನ್ನೆ ಗುಂಡ ಇಲ್ಲಿಗೆ ಬಂದು ಉಳಿದ. ಹೊದಿಕೆಯಿಂದ ಕಾಲು ಹೊರಗೆ. ಇಡೀ ಸಂಜೆ ನನ್ನ ರೇಡಿಯೋ ಬಿಚ್ಚಿ ಹರಡಿಕೊಂಡಿದ್ದ. ಮತ್ತೆ ಜೋಡಿಸಿದಮೇಲೆ ಒಂದು ತಿರುಪು ಮಿಕ್ಕಿತು. ಹಡಗಿನಲ್ಲಿ ಹೀಗೆ ಮಾಡಬೇಡಪ್ಪ ಎಂದೆ.

ದಪ್ಪ ಕಾಲುಚೀಲ, ಟವೆಲು, ಬೀಗ ಇಷ್ಟು ನಾನು ಕೊಳ್ಳುವುದು, ಉಣ್ಣೆ ಅಂಗಿ ಮತ್ತು ಪೆಟ್ಟಿಗೆ ಅವರು ಕೊಳ್ಳುವುದು ಎಂದು ಗುಂಡನ ಚಿಕ್ಕಮ್ಮನೂ ನಾನೂ ಹಂಚಿಕೊಂಡಿದ್ದೇವೆ. ಪಾದದ ಅಳತೆ ಕೇಳಲು ಮೊನ್ನೆ ಫೋನ್ ಮಾಡಿದೆ, ಟವೆಲು ಯಾವ ಬಣ್ಣ ಎಂದು ಕೇಳಲು ಅವಳು ಮಾಡಿದಳು. ಬಣ್ಣ ಯಾವುದಾದರೇನು? ಕೊಳೆ ಕಾಣದ್ದಿರಲಿ ಎಂದು ಬಹಳ ಹೊತ್ತು ಚರ್ಚೆಯಾಗಿ ಬೂದುಬಣ್ಣಕ್ಕೆ ಬಂದು ನಿಂತಿತು.

ಜುಲೈ 22, ಸೋಮವಾರ

ಕಳಿಸಿ ಬಂದೆವು.

ಗುಂಡನ ಅಪ್ಪ ಪೆಟ್ಟಿಗೆ ಹತ್ತಿಸಿದರು, ಸೀಟು ನೋಡಿದರು, ಕೆಳಗಿಳಿದರು, ಮತ್ತೆ ಹತ್ತಿ ಕಿಟಕಿ ಎಳೆದು ನೋಡಿದರು. ನನ್ನ ಹತ್ತಿರ, “ಪಾಳಿ ಇರಲಿಲ್ವಾ?” ಎಂದರು. “ರಜೆ ಹಾಕಿದೆ” ಎಂದೆ. ನಮ್ಮಿಬ್ಬರಿಗೆ ಅಷ್ಟು ಸಾಕಾಯಿತು. ಆಮೇಲೆ ಅವರು ಕಂಬದ ಹಿಂದೆ ಹೋಗಿ ಮೂಗು ಒರೆಸಿಕೊಂಡರು.

ಗುಂಡ ಬಾಗಿಲಲ್ಲಿ ನಿಂತು ನನ್ನ ಹೆಗಲ ಮೇಲೆ ಕೈ ಹಾಕಿದ. ನನಗಿಂತ ಎತ್ತರದಿಂದ ಬಂದ ಕೈ. “ಅಲ್ಲಿ ಒಂದೇ ಫೋನಂತೆ, ಭಾರೀ ಸಾಲಂತೆ. ಪ್ರತಿ ವಾರ ಆಗದಿದ್ರೆ ಗಾಬರಿ ಆಗ್ಬೇಡ” ಎಂದ.

“ಆಗಲ್ಲ” ಎಂದೆ.

“ಆಗ್ತೀಯ. ನಂಗೊತ್ತು.”

ರೈಲು ಹೊರಟಾಗ ಅವನು ಏನೋ ಕೂಗಿದ. ನನಗೆ ಕೇಳಿಸಲಿಲ್ಲ. ಪಕ್ಕದಲ್ಲಿ ಅವನ ಚಿಕ್ಕಮ್ಮ ಇದ್ದಳು, “ಏನಂದ?” ಎಂದು ನನ್ನನ್ನೇ ಕೇಳಿದಳು. ಅವಳಿಗೂ ಕೇಳಿಸಿರಲಿಲ್ಲ.

ಆಗಸ್ಟ್ 4, ಭಾನುವಾರ

ಮಾಡಿದ! ಗಾಳಿಯ ಸದ್ದು, ಹಿಂದೆ ಹುಡುಗರ ಗದ್ದಲ. ಊಟ ಪರವಾಗಿಲ್ಲ, ಕೈಗೆ ಬೊಬ್ಬೆ ಬಂದಿದೆ, ಸಮುದ್ರ ಅಂದುಕೊಂಡದ್ದಕ್ಕಿಂತ ಕೊಳಕು. ಅಷ್ಟರಲ್ಲಿ ಹಿಂದಿನವರು ಕೂಗಾಡಿದರು, ಇಟ್ಟ. ತಕ್ಷಣ ಸೇತುವೆಯಾಚೆಗೆ ಮಾಡಿ ಎಲ್ಲ ಹೇಳಿದೆ. ಬೊಬ್ಬೆಯ ವಿಷಯ ಮಾತ್ರ ಬಿಟ್ಟೆ. ಕೇಳಿದರೆ ಅವಳಿಗೆ ನಿದ್ದೆ ಬರುವುದಿಲ್ಲ.

ಆಗಸ್ಟ್ 11, ಭಾನುವಾರ

ತಿಂಡಿ ಆದಮೇಲೆ ಫೋನ್ ಬಂತು. ಅವಳು.

“ಬಂತಾ ಅಕ್ಕ?”

“ಇಲ್ಲ. ನಿನಗೆ?”

“ಇಲ್ಲ.”

ಸಾಲು ದೊಡ್ಡದಿರಬೇಕು ಎಂದೆ. ಇರಬೇಕು ಎಂದಳು. ಇಂಥ ಭಾನುವಾರ ಮಾಡಲು ಏನೂ ತೋಚುವುದಿಲ್ಲ ಎಂದಳು. “ಅವನ ಕೋಣೆ ಗುಡಿಸೋಣ ಅಂತ ಹೋದ್ರೆ ಗುಡಿಸೋಕೆ ಏನೂ ಇಲ್ಲ ಅಕ್ಕ. ಮೊದಲೆಲ್ಲ ದಿನಾ ಬೈತಿದ್ದೆ, ಕಾಲಿಡೋಕೆ ಜಾಗ ಇಲ್ಲ ಅಂತ.”

ನನಗೆ ಅದು ಗೊತ್ತು. ಏಳು ವರ್ಷದವನನ್ನು ಆ ಮನೆಗೆ ಬಿಟ್ಟು ಬಂದ ವಾರ ನಾನು ಅವನ ಶುಭ್ರವಾದ ಬಟ್ಟೆಗಳನ್ನು ಮತ್ತೆ ಒಗೆದಿದ್ದೆ. ಒಣಗಿದಮೇಲೆ ಇನ್ನೊಂದು ಸಲ ಒಗೆದಿದ್ದೆ. ಇದನ್ನು ಯಾರಿಗೂ ಹೇಳಿರಲಿಲ್ಲ, ಮಿಠಾಯಿಗೂ. ಇವತ್ತು ಅವಳಿಗೆ ಹೇಳಿದೆ.

“ಅವನು ನಮ್ಮ ಮನೆಗೆ ಬಂದಾಗ ಒಂದು ವಾರ ಅಳ್ತಿದ್ದನಂತೆ” ಎಂದಳು. “ಅತ್ತೆ ಹೇಳ್ತಿದ್ರು. ನಿಮಗೆ ಹೇಳಬೇಕೋ ಬೇಡವೋ ಅಂತ ಇಷ್ಟು ವರ್ಷ ಇಟ್ಕೊಂಡಿದ್ದೆ.”

“ಹೇಳಿದ್ದು ಒಳ್ಳೇದಾಯ್ತು.”

ಆಮೇಲೆ ಏನೇನೋ. ಅವಳ ಮೊಣಕಾಲು ನೋವು, ನಮ್ಮ ಬೀದಿಯ ನೀರು, ಅವನು ಚಿಕ್ಕವನಾಗಿದ್ದಾಗ ಬದನೆಕಾಯಿಯನ್ನು ಜೇಬಿನಲ್ಲಿ ಬಚ್ಚಿಡುತ್ತಿದ್ದದ್ದು. ಅಲ್ಲೂ ಹಾಗೇ ಮಾಡುತ್ತಿದ್ದನಂತೆ. ನಗುವಾಗ ನನಗೆ ಹೊಳೆಯಿತು.

“ಅಯ್ಯೋ, ನಾವಿಬ್ಬರೂ ಹೀಗೆ ಮಾತಾಡ್ತಾ ಕೂತ್ರೆ ಅವನಿಗೆ ಎರಡು ಕಡೆಯೂ ಎಂಗೇಜ್ ಬರುತ್ತಲ್ಲೇ!”

“ಹೌದಲ್ವಾ! ಇಡಿ ಅಕ್ಕ, ಇಡಿ.”

“ಮೊದಲು ನೀನಿಡು.”

“ಹೂಂ, ಇಡ್ತೀನಿ” ಎಂದಳು. ಅವಳ ಮನೆಯ ನಲ್ಲಿಯಲ್ಲಿ ನೀರು ಬೀಳುವ ಸದ್ದು ಕೇಳಿಸುತ್ತಲೇ ಇತ್ತು. ನಾನೂ ಇಡಲಿಲ್ಲ.